ತಂತ್ರಾಂಶದಲ್ಲಿ ಅನ್ಯರ ಲೈಬ್ರರಿ: ಉದ್ದಿಮೆದಾರರು ಅರಿಯಬೇಕಾದದ್ದು

ಜಯನಗರ, ಬನಶಂಕರಿಗಳ ಉದ್ದಿಮೆದಾರರು ದಾಸ್ತಾನು ಲೆಕ್ಕಕ್ಕೆ ಸ್ಕಾಲಾ ಭಾಷೆಯಲ್ಲಿ ತಂತ್ರಾಂಶ ಬರೆಸಿದಾಗ, ಅನ್ಯರು ಸಿದ್ಧಪಡಿಸಿದ ಭಾಗಗಳೂ, ಅಂದರೆ ಲೈಬ್ರರಿಗಳೂ, ಅದರಲ್ಲಿ ಸೇರಿರುತ್ತವೆ. ಸೇರಿಸುವ ವಿಧಾನ ಸರಳ: ‘ಬಿಲ್ಡ್.ಎಸ್‌ಬಿಟಿ’ ಕಡತದ ಒಂದು ಸಾಲಿನಲ್ಲಿ ಪ್ರಕಟಿಸಿದ ಸಂಸ್ಥೆ, ಲೈಬ್ರರಿಯ ಹೆಸರು, ಆವೃತ್ತಿ ಸಂಖ್ಯೆಗಳನ್ನು ನಮೂದಿಸಬೇಕು. ಸಂಸ್ಥೆ ಹಾಗೂ ಹೆಸರಿನ ನಡುವೆ ಎರಡು ಶೇಕಡಾ ಚಿಹ್ನೆಗಳಿದ್ದರೆ, ಬಳಕೆಯಲ್ಲಿರುವ ಸ್ಕಾಲಾ ಆವೃತ್ತಿಗೆ ಹೊಂದುವ ಪ್ರತಿಯೇ ಬರುತ್ತದೆ.

ಆದರೆ ಆವೃತ್ತಿಯೊಡನೆ ಪರವಾನಗಿಯೂ ಬದಲಾಗಬಹುದು. ‘ಅಕ್ಕಾ’ ಲೈಬ್ರರಿಯ 2.6ನೇ ಆವೃತ್ತಿ ಅಪಾಚೆ ಪರವಾನಗಿಯಡಿ ಮುಕ್ತವಾಗಿತ್ತು. 2022ರಲ್ಲಿ ಬಂದ 2.7ನ್ನು ವ್ಯವಹಾರದಲ್ಲಿ ಬಳಸಲು, ವಾರ್ಷಿಕ ವರಮಾನ 2.5 ಕೋಟಿ ಡಾಲರ್ ಮೀರಿದ ಕಂಪನಿಗಳು ಶುಲ್ಕ ತೆರಬೇಕಾಯಿತು. 2.6ರಿಂದ ಕವಲೊಡೆದ ‘ಪೆಕ್ಕೊ’ 2023ರಲ್ಲಿ ಮುಕ್ತವಾಗಿಯೇ ಹೊರಬಂದಿತು.

ಆದುದರಿಂದ ಪ್ರತಿ ಲೈಬ್ರರಿಯ ಹೆಸರು, ಆವೃತ್ತಿ, ಪರವಾನಗಿಗಳ ಪಟ್ಟಿಯನ್ನು ತಂತ್ರಾಂಶದ ಒಪ್ಪಂದದಲ್ಲಿಯೇ ಸೇರಿಸಿಕೊಳ್ಳುವುದು ಲೇಸು.