ದೋಣಿಯ ಬ್ಯಾಟರಿಯಿಂದ ಗೃಹೋಪಕರಣ ನಡೆಸುವ ಮುನ್ನ

2019ರ ಆಗಸ್ಟ್‌ನಲ್ಲಿ ಕೃಷ್ಣಾ ಹಾಗೂ ಘಟಪ್ರಭಾ ನದಿಗಳು ಉಕ್ಕಿ ಹರಿದಾಗ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ನದಿತೀರದ ಗ್ರಾಮಗಳು ಜಲಾವೃತಗೊಂಡವು. ಇಂಥ ಸಮಯದಲ್ಲಿ ವಿದ್ಯುತ್ ಕಡಿತಗೊಂಡ ಊರಿಗೆ ಯಂತ್ರದೋಣಿ ಬಂದರೆ ಅದರ ಬ್ಯಾಟರಿಯ ಮೇಲೆ ಎಲ್ಲರ ಕಣ್ಣು ಬೀಳುವುದು ಸಹಜ. ಅದರಿಂದ ಏನನ್ನು ನಡೆಸಬಹುದೆಂಬುದನ್ನು ಸದಸ್ಯರು ಮೊದಲೇ ಅರಿತಿರಬೇಕು.

ಸಣ್ಣ ದೋಣಿಯ ಬ್ಯಾಟರಿ ಸಾಮಾನ್ಯವಾಗಿ 12 ವೋಲ್ಟಿನದು. ಗೃಹೋಪಕರಣಗಳಿಗೆ 230 ವೋಲ್ಟ್ ಬೇಕು. ಆದ್ದರಿಂದ ನಡುವೆ ಇನ್ವರ್ಟರ್ ಅವಶ್ಯ. 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1200 ವ್ಯಾಟ್-ಅವರ್ ಶಕ್ತಿಯಿದ್ದರೂ ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದು. ಇನ್ವರ್ಟರಿನ ನಷ್ಟ ಕಳೆದರೆ ಸುಮಾರು 500 ಉಳಿಯುತ್ತದೆ. 100 ವ್ಯಾಟಿನ ನೆಬುಲೈಸರ್, 9 ವ್ಯಾಟಿನ ಎಲ್‌ಇಡಿ ದೀಪ, ಮೊಬೈಲ್ ಚಾರ್ಜ್ ಇವುಗಳಿಗೆ ಅದು ಸಾಕು. 1500 ವ್ಯಾಟಿನ ವಿದ್ಯುತ್ ಒಲೆಯಾದರೋ ಬ್ಯಾಟರಿಯಿಂದ 125 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ತೆಳು ತಂತಿ ಕಾದು ಹೊತ್ತಿಕೊಂಡೀತು. ಅಡುಗೆಗೆ ಗ್ಯಾಸ್ ಒಲೆಯೇ ಲೇಸು.

ಎಂಜಿನ್ ಚಾಲೂ ಮಾಡುವ ಬ್ಯಾಟರಿಗೆ ಮಾತ್ರ ಯಾರೂ ಕೈ ಹಚ್ಚಬಾರದು. ರಾತ್ರಿಯಿಡೀ ದೀಪ ಉರಿಸಿ ಬೆಳಗ್ಗೆ ಸೆಲ್ಫ್ ಹಿಡಿಯದಿದ್ದರೆ, ಹೆರಿಗೆ ನೋವು ಬಂದವಳನ್ನು ದಡ ಸೇರಿಸುವವರಾರು? ಉಪಕರಣಗಳಿಗೆ ಪ್ರತ್ಯೇಕ ಬ್ಯಾಟರಿಯಿರಲಿ. ಅದರ ಧನ ತುದಿಯ ಸಮೀಪದಲ್ಲೇ ಫ್ಯೂಸ್ ಇರಲಿ. ಇನ್ವರ್ಟರಿನಿಂದ ಹೊರಬರುವ ವಿದ್ಯುತ್ತು ಮನೆಯ ವಿದ್ಯುತ್ತಿನಷ್ಟೇ ಪ್ರಾಣಾಂತಕವಾದುದರಿಂದ ಅದನ್ನು ನೀರು ತಾಗದ ಎತ್ತರದಲ್ಲಿಡಬೇಕು. ಮನೆಯ ಪ್ಲಗ್ಗಿಗೆ ಅದನ್ನು ಜೋಡಿಸುವುದಂತೂ ಸಲ್ಲದು: ಕಂಬವೇರಿ ದುರಸ್ತಿಯಲ್ಲಿ ತೊಡಗಿದ ಹೆಸ್ಕಾಂ ಸಿಬ್ಬಂದಿಗೂ ಅದು ತಗಲೀತು.