ಬಾಡಿಗೆದಾರರಿರುವ ಮನೆಯ ಬೆಲೆ

ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ನಾವು ಬಾಡಿಗೆಗಿದ್ದ ಕಾಲದಲ್ಲಿ, ಮಗಳ ಸಂಸಾರವೂ ನಮ್ಮೊಡನೆ ಒಂದೇ ಸೂರಿನಡಿ ಬಾಳಲೆಂಬ ಹಂಬಲದಿಂದ, ಆರು ಮನೆಗಳುಳ್ಳ ಹಳೆಯ ಇಟ್ಟಿಗೆಯ ಕಟ್ಟಡವೊಂದನ್ನು ಕೊಳ್ಳಲು ಹೊರಟಿದ್ದೆವು. ಸುತ್ತಲಿನ ಕಟ್ಟಡಗಳಿಗಿಂತ ಬೆಲೆ ಬಹಳ ಕಡಮೆಯಾಗಿದ್ದಿತು. ಕಾರಣವನ್ನು ವಿಚಾರಿಸಲಾಗಿ, ಆರು ಮನೆಗಳೂ ಬಾಡಿಗೆ ನಿಯಂತ್ರಣಕ್ಕೆ ಒಳಪಟ್ಟವೆಂದೂ, ಸ್ವಂತ ಕುಟುಂಬದ ವಾಸಕ್ಕೆ ಬೇಕೆಂದು ನೋಟೀಸು ಕೊಟ್ಟರೆ ಎರಡು ಮೂರು ಮನೆಗಳನ್ನು ಸುಲಭವಾಗಿ ತೆರವು ಮಾಡಿಸಬಹುದೆಂದೂ ದಲ್ಲಾಳಿಯು ಭರವಸೆಯಿತ್ತನು.

ಆ ಮಾತು ಒಂದು ಕಾಲಕ್ಕೆ ನಿಜವಾಗಿದ್ದಿತು. ಆ ನಗರದಲ್ಲಿ 1974ಕ್ಕೆ ಮೊದಲು ಕಟ್ಟಿದ, ಆರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡಗಳ ಬಾಡಿಗೆದಾರರಲ್ಲಿ ಬಹುಮಂದಿಗೆ ಕರಾರನ್ನು ಒಂದೆರಡು ವರ್ಷಗಳ ಅವಧಿಗೆ ಮತ್ತೆ ಮತ್ತೆ ನವೀಕರಿಸಿಕೊಳ್ಳುವ ಹಕ್ಕಿದೆ. ಮಾಲೀಕನ ಸ್ವಂತ ವಾಸವು ಅದಕ್ಕೊಂದು ಅಪವಾದ. ಈಸ್ಟ್ ವಿಲೇಜಿನ 15 ಮನೆಗಳ ಇಡೀ ಕಟ್ಟಡವನ್ನು ಒಂದೇ ಕುಟುಂಬವು ತನ್ನ ವಾಸಕ್ಕೆ ಕೋರಬಹುದೆಂದು 2008ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯವೇ ತೀರ್ಪಿತ್ತಿತು. ಆದರೆ 2019ರ ಜೂನ್ ತಿಂಗಳ ಶಾಸನವು ಈ ಅಪವಾದವನ್ನು ಒಂದೇ ಮನೆಗೆ ಸೀಮಿತಗೊಳಿಸಿ, ಅವಶ್ಯಕತೆಯು ತತ್‌ಕ್ಷಣದ್ದೂ ಅನಿವಾರ್ಯವೂ ಆಗಿರಬೇಕೆಂದು ವಿಧಿಸಿತು. ಬಾಡಿಗೆದಾರರು 15 ವರ್ಷಗಳಿಂದ ಅಲ್ಲಿರುವವರೋ, 62 ವಯಸ್ಸು ತುಂಬಿದವರೋ, ಅಂಗವಿಕಲರೋ ಆಗಿದ್ದರೆ, ಅಷ್ಟೇ ಅಥವಾ ಕಡಮೆ ಬಾಡಿಗೆಗೆ ಸಮೀಪದಲ್ಲಿಯೇ ಸಮಾನವಾದ ಮನೆಯನ್ನು ಒದಗಿಸದೆ ಅವರನ್ನು ಎಬ್ಬಿಸುವಂತಿಲ್ಲ.

ಮೂರನೆಯ ಅಂತಸ್ತನ್ನು ನೋಡಲು ಹೋದಾಗ, ಅಲ್ಲಿದ್ದ ವೃದ್ಧೆಯು ಒಲೆಯ ಪಕ್ಕದ ಡ್ರಾಯರಿನಿಂದ ದಾರ ಸುತ್ತಿದ ಕರಾರುಪತ್ರಗಳ ಕಟ್ಟೊಂದನ್ನು ತೆಗೆದು, ಒಂದು ಮಾತನ್ನೂ ಆಡದೆ, ಮೇಜಿನ ಮೇಲಿಟ್ಟರು. ಅಡಿಯ ಕಾಗದಗಳ ಅಂಚು ಹಳದಿಗಟ್ಟಿ ಉದುರುತ್ತಿದ್ದಿತು. ಕಟ್ಟಡದ ಬೆಲೆ ತಗ್ಗಿದ್ದುದು ಅಂಥ ಕಾಗದಗಳಿಂದಲೇ ಅಲ್ಲವೆ? ಅವುಗಳ ದೆಸೆಯಿಂದ ದೊರೆತ ರಿಯಾಯಿತಿಯನ್ನು ಜೇಬಿಗಿಳಿಸಿ, ಆಮೇಲೆ ಅವುಗಳನ್ನೇ ನಿರರ್ಥಕಗೊಳಿಸಲು ಹೊರಡುವುದು, ಕಾನೂನಿನ ಮಾತು ಹಾಗಿರಲಿ, ನನಗೆ ಅನ್ಯಾಯವೆಂದೇ ತೋರಿತು. ಮಕ್ಕಳೊಡನೆ ಇರಬೇಕೆಂಬ ಆಸೆ ಸಣ್ಣದಲ್ಲ. ಆದರೆ ಅದರ ವೆಚ್ಚವನ್ನು ತೆರಬೇಕಾದವರು ನಾವು, ಆ ತಾಯಿಯಲ್ಲ.

ಕೊನೆಗೆ ಹೆಚ್ಚು ಸಾಲ ಮಾಡಿ, ಖಾಲಿಯಿದ್ದ ಎರಡು ಮನೆಗಳ ಕಟ್ಟಡವನ್ನು ಕೊಂಡೆವು. ತಿಂಗಳ ಕಂತು ಇಂದಿಗೂ ಭಾರವಾಗಿಯೇ ಇದೆ. ಅಂಥ ನಗರದಲ್ಲಿ ಮನೆ ಕೊಳ್ಳಬಯಸುವವರಲ್ಲಿ ನನ್ನ ವಿನಂತಿಯಿಷ್ಟು: ಮುಂಗಡ ಕೊಡುವ ಮೊದಲು ಪ್ರತಿಯೊಂದು ಮನೆಯಲ್ಲಿಯೂ ಯಾರು, ಎಷ್ಟು ವರ್ಷದಿಂದ, ಯಾವ ಕರಾರಿನ ಮೇಲೆ ಇದ್ದಾರೆಂಬುದನ್ನು ವಕೀಲರ ಮೂಲಕ ತಿಳಿದುಕೊಳ್ಳಿ; ಜನರಿರುವ ಮನೆಯನ್ನು ಖಾಲಿಯೆಂದು ಲೆಕ್ಕ ಹಾಕಬೇಡಿ.