ಗೇಟು ಮೊದಲೋ, ಗಾಡಿ ಮೊದಲೋ?

ಮಕ್ಕಳೇ, ರಸ್ತೆಯು ರೈಲು ಹಳಿಯನ್ನು ದಾಟುವಲ್ಲಿ ಗೇಟು ಇರುವುದನ್ನು ನೀವು ನೋಡಿರಬಹುದು. ಗಾಡಿ ಬರುವ ಮೊದಲು ಗೇಟು ಇಳಿಯುತ್ತದೆ. ಎತ್ತಿನ ಬಂಡಿ, ಸೈಕಲ್, ಬಸ್ಸು ಎಲ್ಲವೂ ನಿಲ್ಲುತ್ತವೆ.

ಆದರೆ ಗಾಡಿಗಿಂತ ಮೊದಲೇ ಗೇಟು ಇಳಿದಿರುತ್ತದೆ ಎಂದು ಖಂಡಿತವಾಗಿ ಹೇಳುವುದು ಹೇಗೆ? ನೂರು ದಿನ ಅಲ್ಲಿ ನಿಂತು ನೋಡಿದರೆ ಸಾಕೇ? ಸಾಲದು. ನೂರೊಂದನೆಯ ದಿನ ತಪ್ಪಬಹುದು. ಇಲ್ಲಿ ಕಣ್ಣಿಗಿಂತ ತರ್ಕವೇ ಹೆಚ್ಚು ನೆರವಾಗುತ್ತದೆ. ತಿಳಿದ ಮಾತುಗಳಿಂದ ತಿಳಿಯದ ಮಾತನ್ನು ಕ್ರಮವಾಗಿ ಕಂಡುಕೊಳ್ಳುವುದೇ ತರ್ಕ.

ಒಂದು ಗೇಟಿಗೆ ಮೂರು ನಿಯಮಗಳಿವೆ ಎಂದುಕೊಳ್ಳಿ. ಗಾಡಿ ದೂರದಲ್ಲಿರುವಾಗಲೇ ಗಂಟೆ ಬಾರಿಸುತ್ತದೆ. ಗಂಟೆಯಾಗಿ 3 ನಿಮಿಷಕ್ಕಿಂತ ಮೊದಲು ಯಾವ ಗಾಡಿಯೂ ಗೇಟನ್ನು ತಲಪುವುದಿಲ್ಲ. ಗಂಟೆಯಾದ 1 ನಿಮಿಷದೊಳಗೆ ಕಾವಲುಗಾರನು ಗೇಟನ್ನು ಇಳಿಸಲು ತೊಡಗುತ್ತಾನೆ. ತೊಡಗಿದ 1 ನಿಮಿಷದೊಳಗೆ ಗೇಟು ಪೂರ್ತಿ ಇಳಿಯುತ್ತದೆ.

ಈಗ ಯೋಚಿಸಿ. ನಿಯಮದಂತೆ ನಡೆದರೆ, ಎಷ್ಟೇ ನಿಧಾನವಾದರೂ 1 + 1 = 2 ನಿಮಿಷದೊಳಗೆ ಗೇಟು ಇಳಿದಿರುತ್ತದೆ. ಗಾಡಿ ಎಷ್ಟೇ ವೇಗವಾಗಿ ಬಂದರೂ 3 ನಿಮಿಷಕ್ಕಿಂತ ಮೊದಲು ಬಾರದು. ಆದ್ದರಿಂದ ಗಾಡಿ ಬಂದಾಗ ಗೇಟು ಇಳಿದೇ ಇರುತ್ತದೆ. ಇಂದಿನ ಗಾಡಿಗೆ ಮಾತ್ರವಲ್ಲ, ಮುಂದೆ ಬರುವ ಎಲ್ಲ ಗಾಡಿಗಳಿಗೂ ಈ ಮಾತು ನಿಜ. ಗೇಟಿನ ಅತಿ ನಿಧಾನವನ್ನು ಗಾಡಿಯ ಅತಿ ವೇಗದೊಡನೆ ಹೋಲಿಸಿದೆವು, ನೋಡಿದಿರಾ?

ಗೇಟು ತೆರೆಯುವುದರಲ್ಲಿ ಒಂದು ತೊಡಕಿದೆ. “ಗಾಡಿ ದಾಟಿದರೆ ಗೇಟು ತೆರೆ” ಎಂಬ ನಿಯಮ ಸರಿಯಾಗಿಯೇ ಕಾಣುತ್ತದೆ. ಜೋಡಿ ಹಳಿಯಲ್ಲಿ ಅದು ಅಪಾಯ! ಒಂದು ಗಾಡಿ ದಾಟುತ್ತಿರುವಾಗಲೇ ಎದುರಿನಿಂದ ಮತ್ತೊಂದು ಬರುತ್ತಿರಬಹುದು. ಮೊದಲನೆಯದು ಹೋಯಿತೆಂದು ಗೇಟು ತೆರೆದರೆ ಜನ ಹಳಿಯ ಮೇಲೆ ಬಂದುಬಿಡುತ್ತಾರೆ. ಅದಕ್ಕೇ, “ಗಾಡಿ ದಾಟಿದ್ದರೆ ಮತ್ತು ಗಂಟೆಯಾಗಿ ಇನ್ನೂ ದಾಟದ ಗಾಡಿ ಬೇರೊಂದು ಇಲ್ಲದಿದ್ದರೆ ಮಾತ್ರ ತೆರೆ” ಎನ್ನಬೇಕು. “ಮತ್ತು” ಎಂಬ ಪುಟ್ಟ ಪದ ಇಲ್ಲಿ ಪ್ರಾಣ ಉಳಿಸುತ್ತದೆ.

“ಯಾವಾಗಲೂ”, “ಮುಂದೆ ಎಂದಾದರೂ” ಎಂಬ ಕಾಲದ ಮಾತುಗಳ ತರ್ಕವನ್ನು ಇಸ್ರೇಲಿನ ಅಮೀರ್ ಪ್ನುವೆಲಿ ಅವರು 1977ರಲ್ಲಿ ಕಂಪ್ಯೂಟರಿನ ಕೆಲಸಕ್ಕೆ ಬಳಸಿ ತೋರಿಸಿದರು. 1996ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಕಾನ್ಪುರದ ಐ.ಐ.ಟಿ.ಯಲ್ಲಿ ಓದಿದ ರಾಜೀವ್ ಅಲೂರ್ ಮತ್ತು ಅಮೇರಿಕದ ಡೇವಿಡ್ ಡಿಲ್ ಇಂಥ ತರ್ಕಕ್ಕೆ ಗಡಿಯಾರವನ್ನೂ ಸೇರಿಸಿದರು. 1994ರ ಅವರ ಲೇಖನದಲ್ಲಿಯೂ ರೈಲು ಮತ್ತು ಗೇಟಿನ ಉದಾಹರಣೆಯೇ ಇದೆ!

ಅಭ್ಯಾಸ
1. ತುಕ್ಕು ಹಿಡಿದ ಗೇಟು ಇಳಿಯಲು 2 ನಿಮಿಷ ಬೇಕು. ಕಾವಲುಗಾರನ ನಿಯಮ ಮೊದಲಿನದೇ. ಈಗ 3 ನಿಮಿಷದ ಗಂಟೆ ಸಾಕೇ? ಏಕೆ?
2. ಹಾಗಾದರೆ ಯಾವ ನಿಯಮವನ್ನು ಬದಲಿಸುವಿರಿ?